ಕೇಳುವುದು ಎಂದರೆ ಎರಡು ಕೆಲಸ

ಪದವಿಯ ಕೊನೆಯ ಸೆಮಿಸ್ಟರ್ ಬಂತೆಂದರೆ ಕಾಲೇಜು ಹುಡುಗ ಹುಡುಗಿಯರ ವಾಟ್ಸಾಪ್ ಗುಂಪುಗಳಲ್ಲಿ ಒಂದೇ ಬಗೆಯ ಸಂದೇಶಗಳು ಓಡಾಡತೊಡಗುತ್ತವೆ. ‘ನನ್ನ ಪ್ರಾಜೆಕ್ಟಿಗೆ ಒಂದು ಫಾರ್ಮ್ ಇದೆ, ಐದೇ ನಿಮಿಷ, ದಯವಿಟ್ಟು ತುಂಬಿ, ನಿಮ್ಮ ಫ್ರೆಂಡ್ಸಿಗೂ ಕಳಿಸಿ.’ ಮನಶ್ಶಾಸ್ತ್ರ, ಸಮಾಜಕಾರ್ಯ, ಸಮಾಜಶಾಸ್ತ್ರ ಓದುವವರು ಆಯ್ದುಕೊಳ್ಳುವ ವಿಷಯಗಳು ಹಲವು: ಮೊಬೈಲ್ ಚಟ ಮತ್ತು ನಿದ್ರೆ, ಹಾಸ್ಟೆಲ್ ವಾಸ ಮತ್ತು ಒಂಟಿತನ, ಪರೀಕ್ಷೆಯ ಭಯ, ಅಪ್ಪ ಅಮ್ಮನ ನಿರೀಕ್ಷೆ, ಖಿನ್ನತೆ. ಲಿಂಕ್ ಒತ್ತಿದರೆ ಮೊದಲು ವಯಸ್ಸು, ಲಿಂಗ, ಊರು ಬರುತ್ತವೆ. ಆಮೇಲೆ ಒಂದೊಂದಾಗಿ ಒಳಗಿನ ಪ್ರಶ್ನೆಗಳು ಶುರುವಾಗುತ್ತವೆ. ನಾವು ಬಸ್ಸಿನಲ್ಲಿ ನಿಂತುಕೊಂಡೇ ಉತ್ತರ ಒತ್ತುತ್ತೇವೆ, ಕಳಿಸುತ್ತೇವೆ, ಮರೆಯುತ್ತೇವೆ.

ಮರೆತುಬಿಡುವಷ್ಟು ಸಣ್ಣ ಸಂಗತಿಯೇ ಇದು? ಮನೆಯಲ್ಲಿ ಯಾರಿಗೂ ಹೇಳದ್ದನ್ನು, ಪಕ್ಕದ ಮಂಚದ ಗೆಳತಿಗೂ ಬಾಯಿಬಿಡದ್ದನ್ನು ಆ ಐದು ನಿಮಿಷದಲ್ಲಿ ಒಬ್ಬ ಅಪರಿಚಿತರಿಗೆ ಹೇಳಿರುತ್ತೇವೆ. ಹೇಳಿದ್ದು ಮಾತಿನ ರೂಪದಲ್ಲಲ್ಲ, ಸೊನ್ನೆಯಿಂದ ಮೂರರವರೆಗಿನ ಒಂದು ಅಂಕಿಯ ರೂಪದಲ್ಲಿ. ಇಪ್ಪತ್ತು ವರ್ಷದ ಒಬ್ಬ ವಿದ್ಯಾರ್ಥಿಗೆ ಇನ್ನೊಬ್ಬರ ಮನಸ್ಸನ್ನು ಹೀಗೆ ಕೇಳುವ ಹಕ್ಕು ಎಲ್ಲಿಂದ ಬಂತು? ಕೇಳಿದ ಮೇಲೆ ಅವರ ಹೆಗಲ ಮೇಲೆ ಏನು ಬೀಳುತ್ತದೆ? ಇದು ಸಂಶೋಧನಾ ವಿಧಾನದ ಪಾಠದಲ್ಲಿ ಎರಡು ಅಂಕದ ಪ್ರಶ್ನೆಯಾಗಿ ಮುಗಿದುಹೋಗುವ ವಿಷಯವಲ್ಲ.

ಸಾಮಾನ್ಯವಾಗಿ ಸಿಗುವ ಉತ್ತರ, ‘ಜ್ಞಾನಕ್ಕಾಗಿ’ ಎಂಬುದು. ವಿದ್ಯಾರ್ಥಿ ಸಂಶೋಧನೆಯ ಮಟ್ಟಿಗೆ ಈ ಉತ್ತರ ಅಷ್ಟು ಗಟ್ಟಿಯಾಗಿಲ್ಲ. ತನ್ನದೇ ಕಾಲೇಜಿನ ನೂರು ಮಂದಿ ಸ್ನೇಹಿತರಿಂದ ಪಡೆದ ಉತ್ತರಗಳಿಂದ ಮನುಷ್ಯರ ಬಗ್ಗೆ ದೊಡ್ಡ ತೀರ್ಮಾನ ಮಾಡಲು ಬರುವುದಿಲ್ಲ. ಇದು ವಿದ್ಯಾರ್ಥಿಗಳ ಸಮಸ್ಯೆ ಮಾತ್ರವೂ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆಫ್ರಿ ಆರ್ನೆಟ್ 2008ರಲ್ಲಿ ಆ ದೇಶದ ಆರು ಪ್ರಮುಖ ಪತ್ರಿಕೆಗಳ ಲೇಖನಗಳನ್ನು ಪರಿಶೀಲಿಸಿ, ಅಧ್ಯಯನಕ್ಕೆ ಒಳಗಾದವರಲ್ಲಿ ಶೇ. 96ರಷ್ಟು ಮಂದಿ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು, ಶೇ. 68ರಷ್ಟು ಮಂದಿ ಅಮೆರಿಕದವರೇ ಎಂದು ತೋರಿಸಿದರು. ಆ ಪೈಕಿ ಒಂದು ಪತ್ರಿಕೆಯಲ್ಲಿ ಅಮೆರಿಕದ ಅಧ್ಯಯನಗಳ ಮೂರರಲ್ಲಿ ಎರಡು ಭಾಗದಷ್ಟು ಮನಶ್ಶಾಸ್ತ್ರದ ತರಗತಿಯಲ್ಲಿ ಕೂತ ಪದವಿ ವಿದ್ಯಾರ್ಥಿಗಳನ್ನೇ ನೆಚ್ಚಿಕೊಂಡಿದ್ದವು. ಕೈಗೆ ಸುಲಭವಾಗಿ ಸಿಗುವವರು ಅವರೇ, ಅದಕ್ಕೆ. ‘ಮನುಷ್ಯ ಹೀಗೆ ವರ್ತಿಸುತ್ತಾನೆ’ ಎಂದು ನಾವು ಓದುವ ವಾಕ್ಯಗಳಲ್ಲಿ ಅನೇಕವು ನಿಜದಲ್ಲಿ ‘ಇಂಥ ಊರಿನ ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಹೀಗೆ ವರ್ತಿಸಿದ’ ಎಂಬ ವಾಕ್ಯಗಳು.

ಹಾಗಾದರೆ ಪದವಿಯ ಪ್ರಾಜೆಕ್ಟ್ ಯಾಕೆ? ಪ್ರಾಮಾಣಿಕವಾದ ಉತ್ತರ ಒಂದೇ: ಕಲಿಯುವುದಕ್ಕೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಕ್ಷೌರ ಕಲಿಯುವವನಿಗೂ ಮೊದಲ ದಿನ ಯಾರದೋ ತಲೆ ಬೇಕು. ನರ್ಸಿಂಗ್ ಓದುವ ಹುಡುಗಿ ಸೂಜಿ ಚುಚ್ಚುವುದನ್ನು ಕಲಿಯುವುದು ಯಾರದೋ ತೋಳಿನ ಮೇಲೆಯೇ. ಆದರೆ ತಲೆ ಕೊಟ್ಟವನಿಗೆ, ತೋಳು ಚಾಚಿದವರಿಗೆ ಇವರು ಕಲಿಯುವವರು ಎಂದು ಗೊತ್ತಿರುತ್ತದೆ. ಜೊತೆಗೆ, ರಕ್ತ ಬಂದರೆ ನೋಡಿಕೊಳ್ಳಲು ಹಿಂದೆ ಒಬ್ಬ ಬಲ್ಲವರು ನಿಂತಿರುತ್ತಾರೆ. ಮನಸ್ಸಿನ ಮೇಲೆ ಕಲಿಯುವಾಗಲೂ ಈ ಎರಡು ಷರತ್ತುಗಳು ಬೇಡವೇ? ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದು ಕಾಂಟ್ ಹೇಳಿದ್ದು ಸಂಶೋಧಕರಿಗಷ್ಟೇ ಅಲ್ಲ, ನಿಜ. ಆದರೆ ಸಂಶೋಧಕರ ವಿಷಯದಲ್ಲಿ ಆ ಮಾತು ಎಲ್ಲಿ ಮುರಿಯುತ್ತದೆ ಎಂದು ಸ್ಪಷ್ಟವಾಗಿ ಕಾಣಿಸುತ್ತದೆ.

ಮುರಿದ ಒಂದು ನಿದರ್ಶನ ನೋಡೋಣ. ಚಿತ್ರ ತೋರಿಸಿ ಕತೆ ಹೇಳಿಸುವ ‘ಟಿಎಟಿ’ ಪರೀಕ್ಷೆಯನ್ನು ಮನಶ್ಶಾಸ್ತ್ರ ಓದಿದವರೆಲ್ಲ ಬಲ್ಲರು. ಅದನ್ನು ಕ್ರಿಶ್ಚಿಯಾನಾ ಮಾರ್ಗನ್ ಅವರೊಂದಿಗೆ ರೂಪಿಸಿದ ಹೆನ್ರಿ ಮರ್ರೆ, 1959ರಿಂದ 1962ರವರೆಗೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 22 ಪದವಿ ವಿದ್ಯಾರ್ಥಿಗಳ ಮೇಲೆ ಒಂದು ಅಧ್ಯಯನ ನಡೆಸಿದರು. ನಿಮ್ಮ ಜೀವನದರ್ಶನವೇನು, ಯಾವುದನ್ನು ನಂಬಿ ಬದುಕುತ್ತೀರಿ ಎಂದು ಬರೆದುಕೊಡಿ ಅಂದರು. ಇನ್ನೊಬ್ಬ ವಿದ್ಯಾರ್ಥಿಯೊಂದಿಗೆ ಇದರ ಬಗ್ಗೆ ಚರ್ಚೆ ಇರುತ್ತದೆ ಎಂದೂ ಹೇಳಿದರು. ಹುಡುಗರು ಮನಸ್ಸು ಬಿಚ್ಚಿ ಬರೆದರು. ಆದರೆ ಪ್ರಖರವಾದ ದೀಪಗಳ ಕೆಳಗೆ, ಎದೆಬಡಿತ ಅಳೆಯುವ ತಂತಿಗಳ ನಡುವೆ ಅವರನ್ನು ಕೂರಿಸಿದಾಗ ಎದುರಿಗೆ ಬಂದದ್ದು ತರಬೇತಿ ಪಡೆದ ಒಬ್ಬ ವಕೀಲ. ಅವನು ಅವರು ಬರೆದದ್ದನ್ನೇ ಹಿಡಿದು ಅವರನ್ನು ಹೀನಾಯವಾಗಿ ಜರೆದ. ಅದನ್ನೆಲ್ಲ ಚಿತ್ರೀಕರಿಸಿ, ಆಮೇಲೆ ಅವರಿಗೇ ತೋರಿಸಲಾಯಿತು.

ಆ 22 ಮಂದಿಯಲ್ಲಿ ಒಬ್ಬ, ಮುಂದೆ ಅಂಚೆಯಲ್ಲಿ ಬಾಂಬು ಕಳಿಸಿ ಜನರನ್ನು ಕೊಂದ ಟೆಡ್ ಕಝಿನ್‌ಸ್ಕಿ. ಈ ಅಧ್ಯಯನದ ಮಾತು ಬಂದಾಗಲೆಲ್ಲ ಅವನ ಹೆಸರೇ ಮುಂದೆ ಬರುತ್ತದೆ. ಇದರಿಂದಲೇ ಅವನು ಹಾಗಾದನೇ ಎಂದು ಜನ ಕೇಳುತ್ತಾರೆ. ಅದನ್ನು ಸಾಧಿಸಿ ತೋರಿಸಲು ಯಾರಿಂದಲೂ ಆಗುವುದಿಲ್ಲ. ನನಗೆ ಮುಖ್ಯವೆನಿಸುವುದು ಉಳಿದ 21 ಮಂದಿ. ಅವರು ಯಾರನ್ನೂ ಕೊಲ್ಲಲಿಲ್ಲ, ತಮ್ಮ ಪಾಡಿಗೆ ತಾವು ಬದುಕಿದರು. ಹಾಗಂದ ಮಾತ್ರಕ್ಕೆ ಅವರಿಗೆ ಆದದ್ದು ಸರಿ ಎಂದಾಗುವುದಿಲ್ಲ. ಒಂದು ಕೆಲಸ ತಪ್ಪು ಎನ್ನಲು ಅದರಿಂದ ಒಬ್ಬ ಕೊಲೆಗಾರ ಹುಟ್ಟಬೇಕಾಗಿಲ್ಲ. ನಂಬಿ ಕೊಟ್ಟ ಉತ್ತರವನ್ನು ಕೊಟ್ಟವರ ವಿರುದ್ಧವೇ ತಿರುಗಿಸಿದ ಕ್ಷಣದಲ್ಲಿಯೇ ತಪ್ಪು ಪೂರ್ತಿಯಾಗಿತ್ತು.

ಇವತ್ತು ಇಂಥ ಅಧ್ಯಯನಕ್ಕೆ ಯಾವ ನೈತಿಕ ಸಮಿತಿಯೂ ಒಪ್ಪಿಗೆ ಕೊಡುವುದು ಕಷ್ಟ. ಅಮೆರಿಕದಲ್ಲಿ 1979ರ ಬೆಲ್‌ಮಾಂಟ್ ವರದಿ ಬಂತು. ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಆರೋಗ್ಯಕ್ಕೆ ಸಂಬಂಧಿಸಿದ ಸಾಮಾಜಿಕ ಮತ್ತು ವರ್ತನೆಯ ಅಧ್ಯಯನಗಳಿಗೂ ನಿಯಮ ಹೇಳಿದೆ. ಬಿರುಸಾದ ದೀಪಗಳ, ವಕೀಲರ ಕಾಲ ಮುಗಿಯಿತು. ಆದರೆ ಕೇಳಿದ್ದನ್ನು ಆಯುಧ ಮಾಡಿಕೊಳ್ಳುವುದೊಂದೇ ತಪ್ಪಲ್ಲ. ಕೇಳಿ, ಉತ್ತರ ಬಂದ ಮೇಲೆ ಕಿವಿ ಮುಚ್ಚಿಕೊಳ್ಳುವುದೂ ತಪ್ಪು. ವಿದ್ಯಾರ್ಥಿ ಸಂಶೋಧನೆಯಲ್ಲಿ ಹೆಚ್ಚು ಸಲೀಸಾಗಿ ಆಗುವುದು ಈ ಎರಡನೆಯದು.

ಧಾರವಾಡದಲ್ಲೋ ಶಿವಮೊಗ್ಗದಲ್ಲೋ ಓದುತ್ತಿರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಅವಳ ವಿಷಯ ‘ಹಾಸ್ಟೆಲ್ ವಿದ್ಯಾರ್ಥಿಗಳಲ್ಲಿ ಖಿನ್ನತೆ’. ಆರಿಸಿಕೊಂಡ ಪ್ರಶ್ನಾವಳಿ ‘ಪಿಎಚ್‌ಕ್ಯೂ-9’. ಇದು ಪ್ರಕಟವಾದದ್ದು 2001ರಲ್ಲಿ. ಹಣ ಕೊಡದೆ ಬಳಸಬಹುದು, ಚಿಕ್ಕದು, ಜಗತ್ತಿನೆಲ್ಲೆಡೆ ಬಳಕೆಯಲ್ಲಿದೆ. ಕಳೆದ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರು ಅಂಕ, ಒಟ್ಟು 27. ಒಂಬತ್ತನೆಯ ಪ್ರಶ್ನೆ ಕೇಳುವುದು ಸಾವಿನ ಬಗ್ಗೆ: ಸತ್ತುಹೋದರೆ ಒಳ್ಳೆಯದು ಎಂದೋ, ತನಗೆ ತಾನೇ ನೋವು ಮಾಡಿಕೊಳ್ಳಬೇಕೆಂದೋ ಎಷ್ಟು ದಿನ ಅನ್ನಿಸಿದೆ ಎಂದು.

ಅವಳಿಗೆ 120 ಉತ್ತರ ಬಂದಿವೆ. ಪ್ರಾಜೆಕ್ಟ್ ಸಲ್ಲಿಸಲು ಶುಕ್ರವಾರ ಕೊನೆ. ಅವಳು ಒಟ್ಟು ಅಂಕ ಕೂಡಿಸಿ ಐದರಿಂದ ಒಂಬತ್ತು ಬಂದವರನ್ನು ‘ಸೌಮ್ಯ’ ಎಂಬ ಸಾಲಿಗೆ ಸೇರಿಸುತ್ತಾಳೆ. ಹಾಗೆ ಮಾಡಬೇಕೆಂದೇ ಪುಸ್ತಕ ಹೇಳುತ್ತದೆ. 43ನೆಯ ಸಾಲಿನಲ್ಲಿರುವವರ ಒಟ್ಟು ಅಂಕ ಆರು. ಅಂದರೆ ಸೌಮ್ಯ. ಆದರೆ ಆ ಆರರಲ್ಲಿ ಮೂರು ಬಂದಿರುವುದು ಒಂಬತ್ತನೆಯ ಪ್ರಶ್ನೆಯಿಂದ: ಹೆಚ್ಚುಕಡಿಮೆ ಪ್ರತಿದಿನ. ಕೂಡಿಸಿದ ಮೇಲೆ ಈ ಮೂರು ಕಾಣುವುದಿಲ್ಲ. ಸರಾಸರಿ ತೆಗೆದ ಮೇಲೆ ಆ ಮನುಷ್ಯರೇ ಕಾಣುವುದಿಲ್ಲ.

ಅವಳಿಗೆ ಕಂಡಿತು ಎಂದೇ ಇಟ್ಟುಕೊಳ್ಳೋಣ. ಫಾರ್ಮಿನಲ್ಲಿ ಹೆಸರಿಲ್ಲ, ಗುಟ್ಟಾಗಿರುತ್ತದೆ ಎಂದು ಮೊದಲ ಸಾಲಿನಲ್ಲಿಯೇ ಮಾತು ಕೊಟ್ಟಿದ್ದಾಳೆ. ಆದರೆ ವಯಸ್ಸು 19, ಎರಡನೆಯ ವರ್ಷದ ಬಿ.ಎಸ್ಸಿ., ಇಂಥ ತಾಲ್ಲೂಕು, ಇಂಥ ಹಾಸ್ಟೆಲ್ ಎಂದು ಅದೇ ಸಾಲಿನಲ್ಲಿದೆ. ಚಿಕ್ಕ ಕಾಲೇಜಿನಲ್ಲಿ ಇಷ್ಟು ಸಾಕು, ಅದು ಯಾರೆಂದು ಊಹಿಸಬಹುದು. ಹೋಗಿ ಮಾತಾಡಿಸಿದರೆ ಕೊಟ್ಟ ಮಾತು ಮುರಿಯುತ್ತದೆ. ಊಹೆ ತಪ್ಪಾಗಿದ್ದರಂತೂ ಇಬ್ಬರಿಗೂ ಮುಜುಗರ. ವಾರ್ಡನ್‌ಗೆ ಹೇಳಿದರೆ ಮನೆಯವರನ್ನು ಕರೆಸಿ, ವಿಷಯ ಊರೆಲ್ಲ ಹರಡಿ, ಆ ಹುಡುಗಿಯ ಓದೇ ನಿಲ್ಲಬಹುದು. ಸುಮ್ಮನಿದ್ದರೆ? ಸುಮ್ಮನಿರುವುದನ್ನು ಯಾರೂ ಪ್ರಶ್ನಿಸುವುದಿಲ್ಲ. ವೈವಾದಲ್ಲಿ ಕೇಳುವುದು ‘ಪಿ ವ್ಯಾಲ್ಯೂ ಎಷ್ಟು’ ಎಂದು ಮಾತ್ರ.

ಇಲ್ಲಿ ಇನ್ನೊಂದು ಅಧ್ಯಯನ ನೆನಪಾಗುತ್ತದೆ. ಅದೂ ವಿದ್ಯಾರ್ಥಿಗಳ ಮೇಲೆ ನಡೆದದ್ದೇ. ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ 1973ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಪ್ರಿನ್ಸ್‌ಟನ್‌ನ 40 ಮಂದಿ ಧರ್ಮಶಾಸ್ತ್ರ ವಿದ್ಯಾರ್ಥಿಗಳಿದ್ದರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ನಡೆದುಹೋಗಿ ಭಾಷಣ ಮಾಡುವುದು ಅವರ ಕೆಲಸ. ಕೆಲವರ ವಿಷಯ, ದಾರಿಯಲ್ಲಿ ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನ ಬೈಬಲ್ ಕತೆ. ಅವರ ದಾರಿಯಲ್ಲಿಯೇ ಒಬ್ಬ ಕುಸಿದು ಕೂತು, ಕೆಮ್ಮುತ್ತ ನರಳುತ್ತಿದ್ದ. ಅವನು ಸಂಶೋಧಕರು ಕೂರಿಸಿದ ಮನುಷ್ಯ. ಸಮಯ ಸಾಕಷ್ಟಿದೆ ಎಂದು ಹೇಳಿಸಿಕೊಂಡವರಲ್ಲಿ ಶೇ. 63ರಷ್ಟು ಮಂದಿ ಅವನಿಗೆ ನೆರವಾದರು. ತಡವಾಯಿತು, ಬೇಗ ಹೋಗಿ ಎಂದು ಹೇಳಿಸಿಕೊಂಡವರಲ್ಲಿ ನೆರವಾದವರು ಶೇ. 10 ಮಾತ್ರ. ಭಾಷಣದ ವಿಷಯ ಕರುಣೆಯೋ ಇನ್ನೊಂದೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಖಿನ್ನತೆಯ ಬಗ್ಗೆ ಪ್ರಾಜೆಕ್ಟ್ ಬರೆಯುತ್ತ, ಶುಕ್ರವಾರದ ಗಡುವಿಗೆ ಓಡುತ್ತ, 43ನೆಯ ಸಾಲನ್ನು ದಾಟಿಹೋಗುವ ಹುಡುಗಿ ಅದೇ ದಾರಿಯಲ್ಲಿದ್ದಾಳೆ. ಅವಳು ಕೆಟ್ಟವಳಲ್ಲ, ಆ ಧರ್ಮಶಾಸ್ತ್ರ ವಿದ್ಯಾರ್ಥಿಗಳೂ ಕೆಟ್ಟವರಾಗಿರಲಿಲ್ಲ. ಆ ಅಧ್ಯಯನ ನಿಜವಾಗಿ ಹೇಳುವುದು ಒಳ್ಳೆಯತನ ಕಡಿಮೆ ಎಂದಲ್ಲ, ಒಳ್ಳೆಯತನಕ್ಕೂ ಸಮಯ ಬೇಕು ಎಂದು. ಹಾಗಾದರೆ ಹೊಣೆ ಅವಸರಪಟ್ಟವರದ್ದಷ್ಟೇ ಅಲ್ಲ, ಅವಸರಪಡಿಸಿದವರದ್ದೂ ಹೌದು. ನಲವತ್ತು ಪ್ರಾಜೆಕ್ಟುಗಳನ್ನು ಒಬ್ಬರೇ ಗೈಡ್ ತಲೆಗೆ ಕಟ್ಟಿದ ವಿಭಾಗ, ಆಪ್ತಸಮಾಲೋಚಕರಿಲ್ಲದ ಕಾಲೇಜು, ಒಂದೇ ತಿಂಗಳಲ್ಲಿ ‘ಡೇಟಾ’ ತರಬೇಕೆನ್ನುವ ವೇಳಾಪಟ್ಟಿ, ಇವೆಲ್ಲಕ್ಕೂ ಆ ಹೊಣೆಯಲ್ಲಿ ಪಾಲಿದೆ. ಇಪ್ಪತ್ತರ ಹುಡುಗಿಯ ಮೇಲೆ ಇಷ್ಟು ಭಾರ ಹೊರಿಸುವುದು ನ್ಯಾಯವೇ ಎಂದು ಯಾರಾದರೂ ಕೇಳಿದರೆ, ಅಲ್ಲ ಎಂದೇ ನನ್ನ ಉತ್ತರ. ಅದಕ್ಕೇ ಅವಳನ್ನು ಒಂಟಿಯಾಗಿ ಕಳಿಸಬಾರದು.

ಹಾಗಾದರೆ ಇಂಥ ಪ್ರಶ್ನೆಗಳನ್ನು ಕೇಳುವುದೇ ಬೇಡ ಎನ್ನೋಣವೇ? ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ಹೆದರಿಕೆ ನಮ್ಮಲ್ಲಿ ವ್ಯಾಪಕವಾಗಿದೆ. 2005ರಲ್ಲಿ ಮಡೆಲಿನ್ ಗೂಲ್ಡ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ನಡುವೆ ಇದನ್ನೇ ಪರೀಕ್ಷಿಸಿದರು. ಆತ್ಮಹತ್ಯೆಯ ಬಗ್ಗೆ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲೀ ಅಂಥ ಯೋಚನೆಯಾಗಲೀ ಕೇಳಿಸಿಕೊಳ್ಳದವರಿಗಿಂತ ಹೆಚ್ಚಾಗಿರಲಿಲ್ಲ. ಅಂದರೆ ಅಪಾಯ ಪ್ರಶ್ನೆಯಲ್ಲಿಲ್ಲ. ಒಬ್ಬರು ಮೊದಲ ಬಾರಿಗೆ ‘ಹೌದು, ಪ್ರತಿದಿನ’ ಎಂದು ಹೇಳುತ್ತಾರೆ, ಉತ್ತರವಾಗಿ ಪರದೆಯ ಮೇಲೆ ‘ನಿಮ್ಮ ಪ್ರತಿಕ್ರಿಯೆ ದಾಖಲಾಗಿದೆ’ ಎಂಬ ಯಂತ್ರದ ವಾಕ್ಯ ಬರುತ್ತದೆ. ಅಪಾಯವಿರುವುದು ಆ ಮೌನದಲ್ಲಿ. ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ ಎಂಬ ಪಾಠವನ್ನು ನಾವೇ ಅವರಿಗೆ ಕಲಿಸಿದಂತಾಗುತ್ತದೆ.

ಇಲ್ಲಿ ನಮ್ಮ ಭಾಷೆಯೇ ಒಂದು ದಾರಿ ತೋರಿಸುತ್ತದೆ. ಕನ್ನಡದಲ್ಲಿ ಪ್ರಶ್ನೆ ಹಾಕುವುದಕ್ಕೂ ‘ಕೇಳು’ ಎನ್ನುತ್ತೇವೆ, ಕಿವಿಗೊಡುವುದಕ್ಕೂ ‘ಕೇಳು’ ಎನ್ನುತ್ತೇವೆ. ‘ಅವಳನ್ನು ಕೇಳು’, ‘ಅವಳ ಮಾತು ಕೇಳು’ ಎರಡಕ್ಕೂ ಕ್ರಿಯಾಪದ ಒಂದೇ. ಕೆಲಸಗಳು ಎರಡಾದರೂ ಅವನ್ನು ಬೇರೆ ಮಾಡಲು ಭಾಷೆ ಒಪ್ಪಿಲ್ಲ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಬಿಟ್ಟವರು ಕೇಳಿದ್ದು ಅರ್ಧ ಮಾತ್ರ. ಸಂಶೋಧನಾ ನೀತಿಯ ದಪ್ಪ ಪುಸ್ತಕಗಳು ಹೇಳುವುದರಲ್ಲಿ ಬಹುಪಾಲು ಈ ಒಂದು ಕ್ರಿಯಾಪದದೊಳಗೆ ಅಡಗಿದೆ ಎಂದು ನನಗೆ ಅನ್ನಿಸುತ್ತದೆ.

ಕಿವಿಗೊಡುವ ಕೆಲಸ ಫಾರ್ಮ್ ಕಳಿಸುವ ಮೊದಲೇ, ಪ್ರಶ್ನೆಯ ಭಾಷೆಯಿಂದಲೇ ಶುರುವಾಗುತ್ತದೆ. ಇಂಗ್ಲಿಷ್ ಪ್ರಶ್ನಾವಳಿಯನ್ನು ಕನ್ನಡಕ್ಕೆ ತರುವಾಗ ‘ಖಿನ್ನತೆ’ ಎಂದು ಬರೆಯುತ್ತೇವೆ. ಆ ಪದವನ್ನು ನೋವಿನಲ್ಲಿರುವ ಯಾರ ಬಾಯಲ್ಲಾದರೂ ಕೇಳಿದ್ದೀರಾ? ಜನ ಹೇಳುವುದು ‘ಬೇಜಾರು’ ಎಂದು. ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ‘ಯಾಕೋ ಮನಸ್ಸಿಗೆ ಸರಿಯಿಲ್ಲ’, ‘ಎದೆ ಭಾರ’, ‘ಊಟ ಸೇರ್ತಿಲ್ಲ’ ಎಂಬ ಮಾತುಗಳಲ್ಲಿ ಎಷ್ಟು ಆಳವಿದೆ ಎಂಬುದು ದನಿಯಿಂದ, ಮುಖದಿಂದ, ಹೇಳುವ ಮೊದಲಿನ ಮೌನದಿಂದ ತಿಳಿಯುತ್ತದೆ. ಎಕ್ಸೆಲ್ ಹಾಳೆಯಲ್ಲಿ ಆ ಮೌನಕ್ಕೆ ಕಾಲಂ ಇಲ್ಲ. ನೂರಿಪ್ಪತ್ತು ಫಾರ್ಮುಗಳ ಬದಲು ಹನ್ನೆರಡು ಮಂದಿಯ ಎದುರು ಕೂತು ಮಾತಾಡಿದ ವಿದ್ಯಾರ್ಥಿ ಅಂಕಿಅಂಶದಲ್ಲಿ ಸೋಲಬಹುದು. ಆದರೆ ಆ ಕಸುಬನ್ನು ಹೆಚ್ಚು ಕಲಿತಿರುತ್ತಾನೆ.

ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಲ್ಲಿಯೇ ರೇಡಿಯೋ ಕೇಂದ್ರ ತೆರೆದು ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಚಾಲ್ತಿಗೆ ತಂದವರೂ ಅವರೇ. ಒಬ್ಬರೇ ಮನುಷ್ಯ ಮನಸ್ಸಿನ ಶಾಸ್ತ್ರವನ್ನೂ ಕಿವಿಯ ಮಾಧ್ಯಮವನ್ನೂ ಹಚ್ಚಿಕೊಂಡದ್ದು ಕಾಕತಾಳೀಯವೇ ಇರಬಹುದು. ಅಂತೂ ಈ ಶಾಸ್ತ್ರ ನಮ್ಮ ನಾಡಿಗೆ ಹೊಸದೇನಲ್ಲ, ನೂರು ವರ್ಷ ದಾಟಿದೆ. ನಮ್ಮ ಮಾತಿನಲ್ಲಿ, ನಮ್ಮ ನಡವಳಿಕೆಗೆ ಹೊಂದುವಂತೆ ಕೇಳುವುದನ್ನು ಇಷ್ಟರೊಳಗೆ ರೂಢಿಸಿಕೊಳ್ಳಬೇಕಿತ್ತು.

ನಡವಳಿಕೆ ಎಂದಾಗ ಒಪ್ಪಿಗೆಯ ಮಾತೂ ಬರುತ್ತದೆ. ‘ನಾನು ಸ್ವಇಚ್ಛೆಯಿಂದ ಒಪ್ಪಿದ್ದೇನೆ’ ಎಂಬ ಸಾಲಿನ ಪಕ್ಕ ಗುರುತು ಹಾಕಿಸಿಕೊಂಡರೆ ಒಪ್ಪಿಗೆ ಸಿಕ್ಕಿತು ಎನ್ನುತ್ತೇವೆ. ನಮ್ಮಲ್ಲಿ ದಾಕ್ಷಿಣ್ಯ ಎಂಬುದೊಂದಿದೆ. ಗೆಳತಿ ಕೇಳಿದಾಗ ಇಲ್ಲ ಎನ್ನುವುದು ಹೇಗೆ? ತರಗತಿಯಲ್ಲಿ ಮೇಡಂ ‘ಎಲ್ಲರೂ ತುಂಬಿಕೊಡ್ರಪ್ಪ’ ಎಂದರೆ ಎದ್ದು ಹೋಗುವವರು ಯಾರು? ದಾಕ್ಷಿಣ್ಯಕ್ಕೆ ಹೂಂ ಎಂದದ್ದು ಒಪ್ಪಿಗೆಯಲ್ಲ ಎಂದು ನಾವು ದಿನನಿತ್ಯ ಬಲ್ಲೆವು. ಸಂಶೋಧನೆ ಎಂದಾಕ್ಷಣ ಮರೆಯುತ್ತೇವೆ. ನಿಜವಾದ ಒಪ್ಪಿಗೆ ಬೇಕಿದ್ದರೆ, ಬೇಡ ಎನ್ನುವುದನ್ನು ಸುಲಭ ಮಾಡಿಕೊಡಬೇಕು: ಯಾರು ತುಂಬಿದರು, ಯಾರು ಬಿಟ್ಟರು ಎಂಬುದು ಕೇಳಿದವರಿಗೇ ಗೊತ್ತಾಗದಂತೆ.

ಉಳಿದದ್ದು ನಮ್ಮ ವಿದ್ಯಾರ್ಥಿನಿಯ ಶುಕ್ರವಾರ. 43ನೆಯ ಸಾಲನ್ನು ಕಂಡ ಮೇಲೆ ಅವಳ ಮುಂದಿರುವ ದಾರಿಗಳೆಲ್ಲ ಅರೆಕೊರೆಯವೇ. ಆದರೂ ಒಂದು ಇದೆ: ಆ ರಾತ್ರಿಯೇ ಗೈಡ್‌ಗೆ ಫೋನ್ ಮಾಡಿ, ಅವರ ಜೊತೆ ಕೂತು ಯೋಚಿಸಿ, ಯಾರನ್ನೂ ಬೊಟ್ಟುಮಾಡದೆ ಫಾರ್ಮ್ ಹೋದ ಎಲ್ಲ ಗುಂಪುಗಳಿಗೂ ಒಂದು ಸಂದೇಶ ಕಳಿಸುವುದು. ‘ನಿಮ್ಮ ಉತ್ತರಗಳನ್ನು ಓದಿದೆ. ತುಂಬ ಕಷ್ಟದಲ್ಲಿದ್ದೇವೆ ಎಂದು ಕೆಲವರು ಹೇಳಿದ್ದೀರಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಹಣವಿಲ್ಲದೆ ಫೋನ್ ಮಾಡಬಹುದು. ನನ್ನೊಡನೆ ಮಾತಾಡಬೇಕೆನಿಸಿದರೆ ನಾನಿದ್ದೇನೆ, ನಮ್ಮ ಮೇಡಂ ಇದ್ದಾರೆ.’ ಗುಟ್ಟು ಕಾಯುವ ಮಾತೂ ಉಳಿಯಿತು, ಉತ್ತರ ಓದಿದ್ದೇನೆ ಎಂಬುದೂ ತಿಳಿಯಿತು. ಇದರಿಂದ ಯಾರಾದರೂ ಉಳಿಯುತ್ತಾರೆಂಬ ಖಾತರಿಯಿಲ್ಲ. ಖಾತರಿಯಿಲ್ಲ ಎಂಬುದು ಮಾಡದಿರಲು ಕಾರಣವೂ ಅಲ್ಲ.

ಮೊದಲೇ ಯೋಚಿಸಿದ್ದರೆ ದಾರಿ ಇನ್ನೂ ಸರಳವಾಗಿರುತ್ತಿತ್ತು. ಜೀವಕ್ಕೆ ಅಪಾಯ ಕಂಡರೆ ಮಾತ್ರ ಗುಟ್ಟು ಮೀರುತ್ತೇನೆ ಎಂದು ಆರಂಭದಲ್ಲಿಯೇ ಹೇಳಬಹುದಿತ್ತು. ಯಾರಾದರೂ ನಿಮಗೆ ಫೋನ್ ಮಾಡಬೇಕೆಂದಿದ್ದರೆ ಇಲ್ಲಿ ನಂಬರ್ ಬರೆಯಿರಿ ಎಂದು ಒಂದು ಸಾಲು ಬಿಡಬಹುದಿತ್ತು. ಬೇಡದ ತಾಲ್ಲೂಕು, ಹಾಸ್ಟೆಲ್ ಹೆಸರುಗಳನ್ನು ಕೇಳದೆ ಇರಬಹುದಿತ್ತು. ಇದ್ಯಾವುದಕ್ಕೂ ವ್ಯವಸ್ಥೆ ಇಲ್ಲದಿದ್ದರೆ, ಒಂಬತ್ತನೆಯ ಪ್ರಶ್ನೆಯನ್ನು ತೆಗೆದ ‘ಪಿಎಚ್‌ಕ್ಯೂ-8’ ಎಂಬ ರೂಪವೇ ಇದೆ. ಅಂಥ ಉತ್ತರ ಬಂದರೆ ನೆರವಿಗೆ ಹೋಗಲಾಗದ ಅಧ್ಯಯನಗಳಲ್ಲಿ ಅದನ್ನು ಬಳಸುವ ರೂಢಿಯಿದೆ. ಕಿವಿಗೊಡಲು ಆಗದ್ದನ್ನು ಕೇಳದಿರುವುದು ಹೇಡಿತನವಲ್ಲ, ತನ್ನ ಅಳತೆ ತಿಳಿದ ಪ್ರಾಮಾಣಿಕತೆ.

ಇಷ್ಟೆಲ್ಲ ಕಟ್ಟುಪಾಡು ಹಾಕಿದರೆ ವಿದ್ಯಾರ್ಥಿಗಳು ಸಂಶೋಧನೆಯನ್ನೇ ಬಿಟ್ಟಾರು ಎಂಬ ಆತಂಕ ನ್ಯಾಯವಾದದ್ದೇ. ಹಾಗಾಗಬಾರದು. ಪ್ರಶ್ನೆ ಕೇಳುವ ಕುತೂಹಲವೇ ಬತ್ತಿದ ತರಗತಿಗಿಂತ, ಒಂದಿಷ್ಟು ತಡವರಿಸುತ್ತ ಕೇಳುವ ತರಗತಿ ಎಷ್ಟೋ ವಾಸಿ. ಆ ಪ್ರಾಜೆಕ್ಟುಗಳು ಬೈಂಡ್ ಆಗಿ ವಿಭಾಗದ ಕಪಾಟು ಸೇರಿದ ಮೇಲೆ ಮತ್ತೆ ತೆರೆಯುವವರು ಕಡಿಮೆ. ಅದರೊಳಗಿನ ಕೋಷ್ಟಕಗಳಿಂದ ಶಾಸ್ತ್ರ ಬೆಳೆಯದಿದ್ದರೂ ನಷ್ಟವಿಲ್ಲ. ಬರೆದವರು ಮುಂದೆ ಶಿಕ್ಷಕರೋ, ಅಧಿಕಾರಿಗಳೋ, ಅಪ್ಪ ಅಮ್ಮಂದಿರೋ ಆಗುತ್ತಾರೆ. ಅವರ ಮುಂದೆ ಜನ ಬಂದು ‘ಸ್ವಲ್ಪ ಬೇಜಾರು’ ಎನ್ನುತ್ತಾರೆ. ಆಗ ಕೈಯಲ್ಲಿರುವ ಕೆಲಸ ಪಕ್ಕಕ್ಕಿಟ್ಟು ‘ಯಾಕೆ, ಏನಾಯ್ತು?’ ಎಂದು ಕೇಳುವುದನ್ನು, ಕೇಳಿದ ಮೇಲೆ ಉತ್ತರ ಮುಗಿಯುವವರೆಗೂ ಕೂತಿರುವುದನ್ನು ಆ ನೂರಿಪ್ಪತ್ತು ಮಂದಿ ಅವರಿಗೆ ಕಲಿಸಿದ್ದರೆ, ಅವರ ಋಣ ಒಂದಿಷ್ಟಾದರೂ ತೀರಿದಂತೆ.